ಇಬ್ಬರೇ ಸೇರಿ ಡ್ರೀಮ್ ಪಾಪ್: ಹಿಂದಿನ ಕೋಣೆಯಿಂದ ಹಾಡು ಹೊರಗೆ ಬಂದ ಬಗೆ

ನಾನು ಮತ್ತು ನನ್ನ ಅಕ್ಕ ಸೇರಿ ಮೈಸೂರಿನಲ್ಲಿ ಕನ್ನಡ ಡ್ರೀಮ್ ಪಾಪ್ ಮಾಡುತ್ತೇವೆ. ನನ್ನದು ಗಿಟಾರ್. ಅವಳದು ಹಾಡು ಮತ್ತು ಕೀಬೋರ್ಡ್. ಅಷ್ಟೇ. ಡ್ರಮ್ಮರ್ ಇಲ್ಲ, ಮ್ಯಾನೇಜರ್ ಇಲ್ಲ, ಬೆನ್ನಿಗೆ ಆಡಿಯೋ ಕಂಪನಿ ಇಲ್ಲ. ಹಾಡು ಬರೆಯುವುದರಿಂದ ಹಿಡಿದು ಖಾತೆಗೆ ನಾಲ್ಕು ಕಾಸು ಬೀಳುವ ತನಕ ಎಲ್ಲ ಕೆಲಸವೂ ನಮ್ಮದೇ. ಶುರು ಮಾಡಿದಾಗ ಕೇಳಿ ತಿಳಿಯೋಣ ಅಂದರೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಈಗ ಹೊಸದಾಗಿ ಶುರು ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಡ್ರೀಮ್ ಪಾಪ್ ಅಂದರೇನು ಅಂತ ಮೊದಲು ಎರಡು ಮಾತು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪ ತಳೆದ ಸಂಗೀತ ಇದು. ತಂತಿ ಮೀಟಿದ ಪೆಟ್ಟಿಗಿಂತ ಅದರ ಹಿಂದೆ ಉಳಿಯುವ ಗುಂಗೇ ಇಲ್ಲಿ ಮುಖ್ಯ. ಸದ್ದನ್ನು ಮತ್ತೆ ಮತ್ತೆ ಮರಳಿಸುವ ಡಿಲೇ, ಒಂದು ಸದ್ದನ್ನು ಹಲವಾಗಿ ಕೇಳಿಸುವ ಕೋರಸ್, ದೊಡ್ಡ ಕೋಣೆಯ ಮಾರ್ದನಿಯಂಥ ರಿವರ್ಬ್ ಎಲ್ಲ ಇರುವುದು ಆ ಗುಂಗನ್ನು ಹಿಡಿದಿಡುವುದಕ್ಕೆ. ಹಾಡುವವರ ದನಿ ಕೂಡ ಎದುರಿಗೆ ಬಂದು ನಿಲ್ಲುವುದಿಲ್ಲ, ಸಂಗೀತದ ಒಳಗಿನಿಂದ ಕೇಳಿಸುತ್ತದೆ. ಸ್ಕಾಟ್ಲೆಂಡಿನ ಗ್ರ್ಯಾಂಜ್‌ಮೌತ್ ಊರಿನ ಕಾಕ್ಟೋ ಟ್ವಿನ್ಸ್ ತಂಡವನ್ನು ಕೇಳಿ ನೋಡಿ. ಎಲಿಜಬೆತ್ ಫ್ರೇಜರ್ ಏನು ಹಾಡುತ್ತಿದ್ದಾರೆ ಅಂತ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಎಷ್ಟೋ ಕಡೆ ತಿಳಿಯುವುದಿಲ್ಲ. ಆದರೂ ಕೇಳುತ್ತಾ ಕೇಳುತ್ತಾ ಗಂಟಲು ಕಟ್ಟುತ್ತದೆ. 1983ರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ವಿಲ್ ಹೆಗ್ಗಿ ಬಿಟ್ಟು ಹೋದ ಮೇಲೆ ಫ್ರೇಜರ್ ಮತ್ತು ಗಿಟಾರಿನ ರಾಬಿನ್ ಗಥ್ರಿ ಇಬ್ಬರೇ ಉಳಿದರು. ಎರಡನೆಯ ಆಲ್ಬಮ್ಮನ್ನು ಆ ಇಬ್ಬರೇ ಮಾಡಿದರು. ತಾಳಕ್ಕೆ ಡ್ರಮ್ ಮಷೀನ್ ಇತ್ತು. ಇನ್ನೊಬ್ಬರು ಬೇಕೇ ಬೇಕು ಅಂತೇನಿಲ್ಲ ಅನ್ನುವುದು ನನಗೆ ಮೊದಲು ತಿಳಿದದ್ದು ಅಲ್ಲಿ.

ಆದರೆ ಇಬ್ಬರೇ ಸೇರಿ ಒಂದು ಬಾಳಿನಷ್ಟು ದೂರ ಹೋಗಬಹುದು ಅಂತ ತೋರಿಸಿಕೊಟ್ಟವರು ಅಮೆರಿಕದ ಬಾಲ್ಟಿಮೋರಿನ ಬೀಚ್ ಹೌಸ್. ವಿಕ್ಟೋರಿಯಾ ಲೆಗ್ರಾಂಡ್ ಹಾಡಿ ಆರ್ಗನ್ ನುಡಿಸುತ್ತಾರೆ, ಅಲೆಕ್ಸ್ ಸ್ಕ್ಯಾಲಿ ಗಿಟಾರ್. 2004ರಲ್ಲಿ ಜೊತೆಯಾದರು. 2006ರಲ್ಲಿ ಮೊದಲ ಆಲ್ಬಮ್, 2008ರಲ್ಲಿ ಎರಡನೆಯದು, ಎರಡೂ ಕಾರ್‌ಪಾರ್ಕ್ ಅನ್ನುವ ಚಿಕ್ಕ ಲೇಬಲ್ಲಿನಿಂದ, ಅಂದರೆ ಆಡಿಯೋ ಕಂಪನಿಯಿಂದ. 2010ರಲ್ಲಿ ಸಬ್ ಪಾಪ್‌ಗೆ ಬಂದರು. ಅದೂ ಸ್ವತಂತ್ರ ಲೇಬಲ್ಲೇ. ಯುರೋಪಿನಲ್ಲಿ ಅವರ ಹಾಡು ಹೊರತಂದ ಬೆಲ್ಲಾ ಯೂನಿಯನ್ ಯಾರದು ಗೊತ್ತಾ? ಕಾಕ್ಟೋ ಟ್ವಿನ್ಸ್‌ಗೆ ಆಮೇಲೆ ಬೇಸ್ ನುಡಿಸಲು ಬಂದ ಸೈಮನ್ ರೇಮಂಡ್ ಅವರದ್ದು. ಹಿಂದಿನವರು ಮುಂದಿನವರ ಕೈ ಹಿಡಿದದ್ದು ಅಂದರೆ ಇದು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ನಾನು ಬೀಚ್ ಹೌಸ್ ಹಾಡುಗಳನ್ನು ಕೇಳಿದಷ್ಟೇ ಗಮನದಿಂದ ಅವರ ಹೆಜ್ಜೆಗಳನ್ನೂ ನೋಡಿದ್ದೇನೆ. ಜನ ಹೆಚ್ಚಾದರು, ವೇದಿಕೆ ದೊಡ್ಡದಾಯಿತು, ವೇದಿಕೆಯ ಮೇಲೆ ಡ್ರಮ್ಮರ್ ಬಂದರು. ತಂಡ ಮಾತ್ರ ಇಬ್ಬರದೇ ಆಗಿ ಉಳಿಯಿತು. 2022ರ ಹದಿನೆಂಟು ಹಾಡುಗಳ ಆಲ್ಬಮ್ಮಿಗೆ ತಾವೇ ಪ್ರೊಡ್ಯೂಸರ್ ಆದರು, ಅಂದರೆ ರೆಕಾರ್ಡಿಂಗಿನ ಉಸ್ತುವಾರಿ ತಾವೇ ಹೊತ್ತರು, ಅದನ್ನು ನಾಲ್ಕು ಕಂತಿನಲ್ಲಿ ಬಿಟ್ಟರು. ಮೊದಲ ಆಲ್ಬಮ್ಮಿನಿಂದ ಅಲ್ಲಿಗೆ ಹದಿನಾರು ವರ್ಷ. ಅವಸರವೇ ಇಲ್ಲ, ಅಲ್ವಾ? ನಮ್ಮ ದೇಶದಲ್ಲೂ ಇಂಥ ಜೋಡಿ ಇದೆ. ಕೋಲ್ಕತ್ತದ ಪರೇಖ್ ಅಂಡ್ ಸಿಂಗ್. ನಿಶ್ಚಯ್ ಪರೇಖ್ ಹಾಡು ಬರೆದು ಹಾಡುತ್ತಾರೆ, ಜೀವ್‌ರಾಜ್ ಸಿಂಗ್ ಡ್ರಮ್ಸ್. ಅವರ ಹಾಡುಗಳನ್ನು 2016ರಲ್ಲಿ ಬ್ರಿಟನ್ನಿನ ಪೀಸ್‌ಫ್ರಾಗ್ ಲೇಬಲ್ ಹೊರತಂದಿತು, 2019ರಲ್ಲಿ ಇನ್ನೊಂದು ಆಲ್ಬಮ್ ಬಂತು. ಬಣ್ಣಬಣ್ಣದ ಸೂಟು ತೊಟ್ಟು ನೇರ ನಿಂತ ಆ ಇಬ್ಬರ ವಿಡಿಯೋ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೋಲ್ಕತ್ತದಿಂದ ಆಗುತ್ತದೆ ಅಂದರೆ ಮೈಸೂರಿನಿಂದ ಯಾಕೆ ಆಗಬಾರದು ಅಂತ ಅಕ್ಕ ಕೇಳಿದಳು. ನನ್ನ ಹತ್ತಿರ ಅದಕ್ಕೆ ಎದುರು ಮಾತು ಇರಲಿಲ್ಲ.

ಇನ್ನು ನಮ್ಮ ಕೆಲಸದ ವಿಷಯ.

ಮನೆಯಲ್ಲಿ ಅಮ್ಮನ ಕಾಲದ ರಾಡೆಲ್ ಶ್ರುತಿಪೆಟ್ಟಿಗೆ ಇದೆ. ಅಕ್ಕ ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತದ್ದು ಅದನ್ನು ಇಟ್ಟುಕೊಂಡೇ. ಅದರ ಸದ್ದನ್ನು ಕೇಬಲ್ ಎಳೆದು ನನ್ನ ಡಿಲೇ ಪೆಡಲ್ಲಿಗೆ ಕೊಟ್ಟು, ಅಲ್ಲಿಂದ ರಿವರ್ಬ್‌ಗೆ ಬಿಟ್ಟೆವು. ಸಾ ಪಾ ಸಾ ಅಂತ ಒಂದೇ ಸಮ ಹೋಗುತ್ತಿದ್ದ ಸದ್ದು ಕೋಣೆ ತುಂಬ ಹರಡಿತು. ಸಿಂಥಸೈಜರ್‌ಗೆ ಅಂತ ಇಟ್ಟಿದ್ದ ದುಡ್ಡು ಉಳಿಯಿತು. ಅಕ್ಕನ ಶ್ರುತಿ ಐದು, ಅಂದರೆ ಗಿಟಾರಿನ ಲೆಕ್ಕದಲ್ಲಿ ಜಿ. ನಾನು ಗಿಟಾರನ್ನು ಓಪನ್ ಜಿಗೆ ಶ್ರುತಿ ಮಾಡಿಕೊಂಡೆ, ಡಿ ಜಿ ಡಿ ಜಿ ಬಿ ಡಿ. ಬೆರಳು ಒತ್ತದೆ ಸುಮ್ನೆ ತಂತಿ ಸವರಿದರೂ ಪೆಟ್ಟಿಗೆಯ ಜೊತೆ ಕೂಡಿ ನಿಲ್ಲುತ್ತದೆ. ನಮ್ಮ ಹೆಚ್ಚಿನ ಹಾಡುಗಳು ಹುಟ್ಟಿದ್ದು ಈ ಶ್ರುತಿಯಲ್ಲೇ.

ತಲೆಕೆಡಿಸಿದ್ದು ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದು. ಅಕ್ಕನಿಗೆ ಸ್ವರ ಅಲುಗದೆ ನಿಂತರೆ ಅದು ಹಾಡು ಅನ್ನಿಸುವುದೇ ಇಲ್ಲ. ಡಿಲೇ ಏನು ಮಾಡುತ್ತದೆ ಅಂದರೆ, ಈಗ ಹಾಡಿದ ಸ್ವರವನ್ನು ಅರ್ಧ ಸೆಕೆಂಡಿನ ಆಚೆ ಮತ್ತೆ ಹೇಳುತ್ತದೆ, ಅದರಾಚೆ ಇನ್ನೊಮ್ಮೆ ಹೇಳುತ್ತದೆ. ನೇರ ನಿಂತ ಸ್ವರಗಳಾದರೆ ಒಂದರ ಮೇಲೊಂದು ಕೂತು ತಾವಾಗಿಯೇ ಮೇಳವಾಗುತ್ತವೆ. ಅಲುಗುವ ಸ್ವರವಾದರೆ ಹಿಂದಿನ ಅಲುಗಾಟ ಮುಂದಿನದಕ್ಕೆ ತಾಗಿ ಕಿವಿಗೆ ಅಪಶ್ರುತಿಯಾಗುತ್ತದೆ. ‘ಹಾಗಿದ್ದರೆ ಗಮಕ ಬಿಟ್ಟುಬಿಡು ಅಕ್ಕ’ ಅಂದೆ. ‘ಲೋ, ನನ್ನ ಗಂಟಲು ಯಾಕೆ ಬದಲಾಯಿಸ್ತೀಯಾ? ನಿನ್ನ ಡಿಲೇನ ಸಾಲಿನ ಕೊನೆಯ ಸ್ವರಕ್ಕೆ ಮಾತ್ರ ಹಾಕು. ನಡುವೆ ನನ್ನನ್ನ ನನ್ನ ಪಾಡಿಗೆ ಬಿಡು’ ಅಂದಳು. ಹಾಗೇ ಮಾಡಿದೆವು. ಸಾಲಿನ ನಡುವೆ ದನಿ ಡಿಲೇ ಇಲ್ಲದೆ ಗಮಕದ ಜೊತೆ ಸಾಗುತ್ತದೆ, ಸಾಲು ಮುಗಿಯುವಲ್ಲಿ ಅವಳು ಸ್ವರವನ್ನು ನೇರ ನಿಲ್ಲಿಸುತ್ತಾಳೆ, ಆಗ ನಾನು ಡಿಲೇ ಬಾಗಿಲು ತೆಗೆಯುತ್ತೇನೆ. ನಮ್ಮ ಹಾಡು ಬೇರೆಯವರ ಹಾಡಿನ ಹಾಗೆ ಕೇಳಿಸದಿರಲು ಬಹುಶಃ ಇದೇ ಕಾರಣ. ಐದಾರು ಜನರ ತಂಡವಾಗಿದ್ದರೆ ಈ ಮಾತುಕತೆಯೇ ನಡೆಯುತ್ತಿರಲಿಲ್ಲ ಅನ್ನಿಸುತ್ತದೆ. ಆ ಜಾಗವನ್ನು ಇನ್ಯಾವುದೋ ವಾದ್ಯ ತುಂಬಿಬಿಡುತ್ತಿತ್ತು.

ಡಿಲೇ ಸಮಯವನ್ನು ಕಿವಿಯ ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಿ. 60,000ವನ್ನು ಹಾಡಿನ ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟು ಅನ್ನುವ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ನಮ್ಮ ನಿಧಾನದ ಹಾಡುಗಳು 80ರಲ್ಲಿವೆ, ಹಾಗಾಗಿ ಬೀಟಿಗೆ 750. ಅದರ ಮುಕ್ಕಾಲು ಭಾಗ, ಅಂದರೆ ಸುಮಾರು 562, ಗಿಟಾರಿಗೆ ತುಂಬ ಚೆನ್ನಾಗಿ ಕೂರುತ್ತದೆ. ಮೀಟಿದ್ದು ಮತ್ತು ಮರಳಿ ಬಂದದ್ದು ಒಂದರ ಸಂದಿಯಲ್ಲಿ ಇನ್ನೊಂದು ಸೇರಿಕೊಂಡು ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ.

ಸಾಹಿತ್ಯ ಬರೆಯುವಾಗಲೂ ಕಿವಿಯೇ ಮುಂದೆ. ಕನ್ನಡದ ಪದಗಳು ಸಾಮಾನ್ಯವಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ರಿವರ್ಬ್‌ಗೆ ಹೇಳಿ ಮಾಡಿಸಿದಂತಿವೆ. ಸಾಲಿನ ಕೊನೆಯನ್ನು ಎಷ್ಟು ಬೇಕಾದರೂ ಎಳೆಯಬಹುದು. ಒತ್ತಕ್ಷರ ಮಾತ್ರ ಕಷ್ಟ. ‘ಬಿಟ್ಟು’, ‘ಹತ್ತಿ’, ‘ಸುತ್ತ’ ಇಂಥವು ಸಾಲುಸಾಲಾಗಿ ಬಂದರೆ ಒಂದರ ಪೆಟ್ಟು ಇನ್ನೊಂದರ ಮೇಲೆ ಬಿದ್ದು ಏನು ಹಾಡಿದರು ಅಂತಲೇ ತಿಳಿಯುವುದಿಲ್ಲ. ಅಕ್ಕನಿಗೆ ಮಾತು ಕೇಳಿಸಲೇಬೇಕು. ಕಾಕ್ಟೋ ಟ್ವಿನ್ಸ್‌ನಂತೆ ಮಾತು ಕರಗಿಹೋಗುವುದು ಅವಳಿಗೆ ಒಪ್ಪಿಗೆಯಿಲ್ಲ. ಅದಕ್ಕೆ ರಿವರ್ಬ್‌ನ ಪ್ರೀ-ಡಿಲೇಯನ್ನು, ಅಂದರೆ ದನಿಗೂ ರಿವರ್ಬ್ ಏಳುವುದಕ್ಕೂ ನಡುವಿನ ಅಂತರವನ್ನು, 70 ಮಿಲಿಸೆಕೆಂಡ್ ಹತ್ತಿರ ಇಡುತ್ತೇವೆ. ವ್ಯಂಜನ ಮೊದಲು ಸ್ಪಷ್ಟವಾಗಿ ಕೇಳಿ, ಅದರ ಹಿಂದೆ ರಿವರ್ಬ್ ಏಳುತ್ತದೆ. ರಿವರ್ಬ್‌ಗೆ ಹೋಗುವ ದನಿಯ ಕೆಳಗಿನ ದಪ್ಪವನ್ನೂ 300 ಹರ್ಟ್ಜ್ ಸುತ್ತ ಕತ್ತರಿಸುತ್ತೇವೆ. ಇಲ್ಲದಿದ್ದರೆ ಇಡೀ ಹಾಡು ಕೆಸರಾಗುತ್ತದೆ.

ರೆಕಾರ್ಡ್ ಮಾಡಿದ್ದು ಸರಸ್ವತಿಪುರಂ ಮನೆಯ ಹಿಂದಿನ ಕೋಣೆಯಲ್ಲಿ. ಮೈಕು, ಗಿಟಾರಿನ ಸದ್ದನ್ನು ಕಂಪ್ಯೂಟರಿಗೆ ಕೊಡುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಹಳೆಯ ಲ್ಯಾಪ್‌ಟಾಪು, ಅದರಲ್ಲಿ ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರ್. ಗೋಡೆಗೆ ಹತ್ತಿ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ನೆಲಕ್ಕೆ ಜಮಖಾನ ಹಾಸಿದೆವು. ಕಂಡೆನ್ಸರ್ ಮೈಕಿಗೆ ಎಲ್ಲವೂ ಕೇಳುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿ, ಮೋಟಾರ್ ಪಂಪು, ಬೀದಿ ನಾಯಿ. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಕೂರುತ್ತಿದ್ದೆವು, ಹಾಲಿನ ವ್ಯಾನು ಬರುವ ಹೊತ್ತಿಗೆ ಎದ್ದುಬಿಡುತ್ತಿದ್ದೆವು. ಫ್ಯಾನು ಬಂದ್. ಏಪ್ರಿಲ್ ತಿಂಗಳಲ್ಲಿ ಬೆವರು ಕಣ್ಣಿಗೆ ಇಳಿಯುತ್ತಿರುವಾಗ ಅಕ್ಕ ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಸಾಲು ಮುಗಿಸಿ, ಡಿಲೇ ಪೂರ್ತಿ ಆರುವ ತನಕ ಅಲುಗದೆ ನಿಂತಿರುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಆ ಸದ್ದು ಇಳಿಯುವುದನ್ನು ಕೇಳುವುದಿದೆಯಲ್ಲ, ಇಡೀ ಕೆಲಸದಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಗಳಿಗೆ ಬೇರೆ ಇಲ್ಲ.

ಬೇಂದ್ರೆಯವರ ಒಂದು ಕವಿತೆಯನ್ನು ಹಾಡಬೇಕು ಅಂತ ಇಬ್ಬರಿಗೂ ಆಸೆ ಇತ್ತು. ಹೊಸಬರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯ ತನಕ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಶಿಶುನಾಳ ಷರೀಫರ ಪದಗಳಿಗೆ ಈ ಕಟ್ಟು ಇಲ್ಲ, ಅವರು 1889ರಲ್ಲೇ ಹೋದವರು. ಆದರೆ ನಮ್ಮೆಲ್ಲರ ಬಾಯಲ್ಲಿರುವ ಷರೀಫರ ಹಾಡುಗಳ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರ ಸಂಯೋಜನೆ. ಸಾಹಿತ್ಯ ಎಲ್ಲರದು, ಧಾಟಿ ಅವರದು. ಅದಕ್ಕೆ ಷರೀಫರ ಒಂದು ಪದ ತೆಗೆದುಕೊಂಡು, ಶ್ರುತಿಪೆಟ್ಟಿಗೆ ಹಾಕಿಕೊಂಡು ನಮ್ಮದೇ ಧಾಟಿ ಕಟ್ಟಿದೆವು. ಮಿಕ್ಕ ಹಾಡುಗಳ ಸಾಹಿತ್ಯ ಅಕ್ಕನದೇ.

ಹಾಡು ಸಿದ್ಧವಾದ ಮೇಲೆ ಅದನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗೆಲ್ಲ ತಲುಪಿಸಲು ಡಿಸ್ಟ್ರಿಬ್ಯೂಟರ್ ಬೇಕು. ನೇರವಾಗಿ ಹಾಕಲು ಬರುವುದಿಲ್ಲ. ಎರಡು ಬಗೆಯವರಿದ್ದಾರೆ. ಕೆಲವರಿಗೆ ವರ್ಷವರ್ಷ ಶುಲ್ಕ ಕಟ್ಟಬೇಕು, ನಿಲ್ಲಿಸಿದರೆ ಹಾಡು ಕೆಳಗಿಳಿಯಬಹುದು. ಇನ್ನು ಕೆಲವರು ಒಮ್ಮೆ ಹಣ ತೆಗೆದುಕೊಂಡು ಆಮೇಲೆ ಬರುವ ಆದಾಯದಲ್ಲಿ ಪಾಲು ಹಿಡಿಯುತ್ತಾರೆ. ವರ್ಷಕ್ಕೆ ಒಂದೆರಡು ಹಾಡು ಮಾತ್ರ ಬಿಡುವ ನಮ್ಮಂಥವರಿಗೆ ಎರಡನೆಯದು ವಾಸಿ. ಪ್ರತಿ ಹಾಡಿಗೂ ಆ ರೆಕಾರ್ಡಿಂಗನ್ನು ಗುರುತಿಸುವ, ಅಕ್ಷರ ಅಂಕಿ ಸೇರಿ ಹನ್ನೆರಡರ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೆ ಅದೇ ಸಂಖ್ಯೆ ಕೊಡಬೇಕು, ಆಗಲೇ ಹಳೆಯ ಪ್ಲೇ ಲೆಕ್ಕ ಜೊತೆಗೆ ಬರುವುದು. ಬಿಡುಗಡೆಯ ದಿನವನ್ನು ಸಾಕಷ್ಟು ಮುಂದಕ್ಕೆ ಇಟ್ಟುಕೊಳ್ಳಿ. ಪ್ಲೇಲಿಸ್ಟಿಗೆ ಹಾಡು ಆರಿಸುವ ಸ್ಪಾಟಿಫೈ ಸಂಪಾದಕರಿಗೆ ಹಾಡು ಕಳಿಸಲು ಕನಿಷ್ಠ ಏಳು ದಿನ ಮೊದಲು ಅರ್ಜಿ ಹಾಕಿರಬೇಕು. ನಾವು ಒಂದು ತಿಂಗಳು ಇಟ್ಟುಕೊಳ್ಳುತ್ತೇವೆ.

ದುಡ್ಡಿನ ವಿಷಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸ್ಟ್ರೀಮಿಂಗ್‌ನಿಂದ ನಮಗೆ ಸಿಗುವುದು ತೀರಾ ಕಡಿಮೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಪ್ಲೇ ಆಗಿರದಿದ್ದರೆ ಅದಕ್ಕೆ ರಾಯಧನವೇ ಹುಟ್ಟುವುದಿಲ್ಲ. ನಮ್ಮಂಥ ಸಣ್ಣವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕೇಳಿದವರು ನೂರೇ ಜನ ಇರಲಿ, ಕೇಳಿದ್ದಾರೆ ತಾನೆ? ಅಮೆರಿಕದ ಡಿಸ್ಟ್ರಿಬ್ಯೂಟರ್ ಆದರೆ ಡಬ್ಲ್ಯೂ-8ಬೆನ್ ಅನ್ನುವ ತೆರಿಗೆಯ ಅರ್ಜಿ ತುಂಬಿಸುತ್ತಾರೆ. ಅಲ್ಲಿ ಪ್ಯಾನ್ ಸಂಖ್ಯೆ ಹಾಕಿ ಭಾರತದೊಂದಿಗಿನ ತೆರಿಗೆ ಒಪ್ಪಂದ ಆರಿಸಿಕೊಂಡರೆ ಅಲ್ಲಿನ ರಾಯಧನಕ್ಕೆ ಶೇ. 15 ತೆರಿಗೆ ಹಿಡಿಯುತ್ತಾರೆ, ಇಲ್ಲದಿದ್ದರೆ ಶೇ. 30. ಬೇಜಾರಿನ ಕೆಲಸ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಹಾಗೇ ಐಪಿಆರ್‌ಎಸ್ ಸದಸ್ಯತ್ವ. ಇದು ಸಾಹಿತ್ಯ ಬರೆದವರಿಗೆ, ಸಂಗೀತ ಕಟ್ಟಿದವರಿಗೆ ರಾಯಧನ ವಸೂಲಿ ಮಾಡಿ ಕೊಡುವ ಸಂಸ್ಥೆ. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ದುಡ್ಡು. ಇದು ಬೇರೆಯೇ ದುಡ್ಡು, ತುಂಬ ಜನ ಬಿಟ್ಟುಬಿಡುತ್ತಾರೆ.

ನಮ್ಮ ಕೈಗೆ ನಿಜವಾಗಿ ಏನಾದರೂ ಉಳಿದದ್ದು ಕೇಳುಗರು ಹಾಡನ್ನು ನೇರ ಕೊಳ್ಳುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಿಂದ. ಡಿಜಿಟಲ್ ಮಾರಾಟದಲ್ಲಿ ಶೇ. 15 ಅವರು ಹಿಡಿಯುತ್ತಾರೆ, ಪಾವತಿಯ ಶುಲ್ಕ ಕಳೆದು ಮಿಕ್ಕದ್ದು ನಮಗೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಅನ್ನುವ ಆಯ್ದ ದಿನಗಳಲ್ಲಿ ಆ ಪಾಲನ್ನೂ ಬಿಡುತ್ತಾರೆ. ಜರ್ಮನಿಯಿಂದ, ಜಪಾನಿನಿಂದ ಕೊಂಡವರು ಒಂದೆರಡು ಸಾಲು ಬರೆದೂ ಕಳಿಸಿದ್ದಾರೆ. ತೊಡಕು ಇರುವುದು ನಮ್ಮೂರಿನವರಿಗೆ. ಅಲ್ಲಿನ ಹಣ ನಮಗೆ ಬರುವುದು ಪೇಪಾಲ್ ಮೂಲಕ. ಆ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿತು, ಹಾಗಾಗಿ ಇಲ್ಲಿನವರು ಅಲ್ಲಿ ನಮ್ಮ ಹಾಡು ಕೊಳ್ಳುವುದು ಸಲೀಸಲ್ಲ. ನಾವು ಏನು ಮಾಡುತ್ತೇವೆ ಅಂದರೆ, ಯುಪಿಐನಲ್ಲಿ ಹಣ ತೆಗೆದುಕೊಂಡು ಡೌನ್‌ಲೋಡ್ ಕೋಡನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಕಾರ್ಯಕ್ರಮದ ದಿನ ಅದೇ ಕೋಡನ್ನು ಅಕ್ಕ ಕೈಯಲ್ಲಿ ಬಣ್ಣ ಹಚ್ಚಿದ ಕಾರ್ಡಿನ ಹಿಂದೆ ಬರೆದು ಮಾರುತ್ತಾಳೆ. ಕಾರ್ಡಿಗೋಸ್ಕರ ಕೊಳ್ಳುವವರೂ ಇದ್ದಾರೆ.

ವೇದಿಕೆ ಬೇರೆಯದೇ ಪರೀಕ್ಷೆ. ಮೊದಮೊದಲು ಸೌಂಡ್ ಮಾಡುವ ಅಣ್ಣಂದಿರು ‘ಮೇಡಂ ವಾಯ್ಸ್ ಕೇಳ್ತಿಲ್ಲ, ರಿವರ್ಬ್ ತೆಗೀತೀನಿ’ ಅನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ. ದನಿ ಮುಂದಿರಬೇಕು ಅನ್ನುವುದು ಅವರು ದಿನಾ ಮಾಡುವ ಕೆಲಸದ ಅಭ್ಯಾಸ. ಮೇಲಾಗಿ ರಿವರ್ಬ್ ತುಂಬಿದ ದನಿ ನಮ್ಮ ಕಡೆಗೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರಿನಿಂದ ಮತ್ತೆ ಮೈಕಿಗೆ ಹೋದರೆ ಕೂಗು ಏಳುತ್ತದೆ. ಈಗ ಅಕ್ಕನ ಮೈಕನ್ನು ಮೊದಲು ನಮ್ಮದೇ ಚಿಕ್ಕ ಮಿಕ್ಸರಿಗೆ ಹಾಕಿ, ರಿವರ್ಬ್ ನಾವೇ ಸೇರಿಸಿ, ಎಡ ಬಲ ಎರಡೇ ಲೈನ್ ಅವರಿಗೆ ಕೊಡುತ್ತೇವೆ. ಮಾನಿಟರ್ ಬೇಡ ಅಂದು ಇಬ್ಬರೂ ಇಯರ್‌ಫೋನ್ ಹಾಕಿಕೊಳ್ಳುತ್ತೇವೆ. ಎಲ್ಲ ಸೇರಿ ಒಂದು ಟೇಬಲ್, ಎರಡು ಚೀಲ. ಮೈಸೂರು–ಬೆಂಗಳೂರು ರೈಲಿನಲ್ಲಿ ಆರಾಮಾಗಿ ಒಯ್ಯಬಹುದು. ಇಬ್ಬರೇ ಇರುವುದರ ಬೆಲೆ ತಿಳಿಯುವುದು ಅಂಥ ದಿನ.

ಬೆಂಗಳೂರಿನಲ್ಲಿ ಜಾಗಗಳ ಕಷ್ಟ ಇದ್ದೇ ಇದೆ. ಮನರಂಜನೆಯ ಜಾಗಗಳಿಗೆ ಪೊಲೀಸ್ ಪರವಾನಗಿ ಬೇಕು ಅನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಇಂದಿರಾನಗರದಂಥ ಕಡೆ ಎಷ್ಟೋ ಕೆಫೆಗಳಲ್ಲಿ ಲೈವ್ ಸಂಗೀತ ನಿಂತಿತು. ಇಂದಿರಾನಗರದಲ್ಲೇ ಇದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಹೊಸ ಹಾಡು ಕೇಳಲು ಅಂತಲೇ ಜನ ಬರುತ್ತಿದ್ದ ಜಾಗ ಅದು. ನಮಗೆ ಒಂದು ಕಡೆ ಕಾರ್ಯಕ್ರಮ ಮುಗಿದು ತಿಂಗಳುಗಟ್ಟಲೆ ಆದರೂ ಸಂಭಾವನೆ ಬರಲಿಲ್ಲ, ಫೋನು ಎತ್ತುತ್ತಿರಲಿಲ್ಲ. ಕೊನೆಗೆ ಅಕ್ಕ ತಾನೇ ಹೋಗಿ ಕೌಂಟರ್ ಮುಂದೆ ಕೂತು ಇಸಕೊಂಡು ಬಂದಳು. ಈಗ ಅರ್ಧ ಹಣ ಮುಂಗಡ ಬಂದ ಮೇಲೆಯೇ ದಿನ ಖಾತ್ರಿ ಮಾಡುತ್ತೇವೆ. ಚೆನ್ನಾಗಿ ಕೇಳುವವರು ಇರುವ ಜಾಗ ಅಂದರೆ ಇಪ್ಪತ್ತು ಮೂವತ್ತು ಜನ ಕೂರುವ ಮನೆಯ ಹಾಲ್‌ಗಳು, ಪುಸ್ತಕದ ಅಂಗಡಿಗಳು, ಸಣ್ಣ ರಂಗಮಂದಿರಗಳು. ನಮ್ಮ ಹಾಡಿನಲ್ಲಿ ಮೌನ ಜಾಸ್ತಿ. ತಟ್ಟೆ ಲೋಟದ ಸದ್ದಿನ ನಡುವೆ ಅದು ಉಳಿಯುವುದಿಲ್ಲ.

ಒಡಹುಟ್ಟಿದವರಾದರೂ ಒಪ್ಪಂದವನ್ನು ಕಾಗದದ ಮೇಲೆ ಬರೆದುಕೊಂಡಿದ್ದೇವೆ. ಮನೆಯಲ್ಲಿ ಅಪ್ಪನಿಗೆ ಇದು ಹಿಡಿಸಲಿಲ್ಲ, ‘ಅಕ್ಕ ತಮ್ಮನ ಮಧ್ಯೆ ಇದೆಲ್ಲ ಏನು’ ಅಂದರು. ಅಕ್ಕ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಯಾರು ಎಷ್ಟು ಬರೆದರು ಅಂತ ಲೆಕ್ಕವಿಲ್ಲದೆ ಪ್ರತಿ ಹಾಡು ಅರ್ಧ ಅರ್ಧ. ತಂಡದ ಹೆಸರು ಇಬ್ಬರದು. ಒಬ್ಬರು ಬಿಟ್ಟರೆ ಇನ್ನೊಬ್ಬರು ಆ ಹೆಸರಿನಲ್ಲಿ ಹೊಸ ಹಾಡು ಬಿಡುವಂತಿಲ್ಲ. ಒಬ್ಬರಿಗೆ ಬೇಡವಾದ ಹಾಡು ಹೊರಗೆ ಬರುವುದಿಲ್ಲ. ಈ ಕೊನೆಯ ಸಾಲಿನಿಂದ ನನಗೆ ತುಂಬ ಇಷ್ಟವಾದ ಒಂದು ಹಾಡು ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ. ಇರಲಿ. ಕಾಗದದ ಮೇಲೆ ಇದ್ದದ್ದರಿಂದ ಅದರ ಬಗ್ಗೆ ಜಗಳ ಆಗಲಿಲ್ಲ.

ಡ್ರಮ್ಮರ್ ಸೇರಿಸಿಕೊಳ್ಳಿ, ದೊಡ್ಡ ಸ್ಟುಡಿಯೋಗೆ ಹೋಗಿ, ಸಿನಿಮಾದವರಿಗೆ ತೋರಿಸಿ ಅಂತ ಹಿತವರು ಹೇಳುತ್ತಲೇ ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಮ್ಮ ಸದ್ದು ಇರುವುದೇ ನಾಲ್ಕು ಕೈ ಮುಟ್ಟದೆ ಬಿಟ್ಟ ಜಾಗದಲ್ಲಿ. ಅದನ್ನು ತುಂಬಿದರೆ ಕೇಳಲು ದೊಡ್ಡದಾಗಬಹುದು, ನಮ್ಮದಾಗಿ ಉಳಿಯುವುದಿಲ್ಲ. ಅಕ್ಕನಿಗೆ ಕಾಲೇಜಿನಲ್ಲಿ ಪಾಠ ಇದೆ, ನನಗೂ ಕೆಲಸ ಇದೆ. ಹೊಟ್ಟೆಪಾಡು ಅದರಿಂದ ನಡೆಯುವುದರಿಂದ ಹಾಡನ್ನು ಅವಸರಪಡಿಸಬೇಕಾಗಿಲ್ಲ.

ಮುಂದಿನ ಹಾಡುಗಳನ್ನು ಒಟ್ಟಿಗೆ ಬಿಡುವ ಬದಲು ಎರಡೆರಡಾಗಿ ಬಿಡುತ್ತೇವೆ. ಮೊದಲ ಜೋಡಿಯ ಮಿಕ್ಸ್ ಮುಗಿದಿದೆ, ಮಾಸ್ಟರಿಂಗ್ ಅನ್ನುವ ಕೊನೆಯ ಹದ ಬಾಕಿ. ಧಾರವಾಡದ ಗೆಳೆಯರೊಬ್ಬರು ಮನೆಯ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳಲು ಕರೆದಿದ್ದಾರೆ. ಅವರಿಗೆ ನಾವು ಕೇಳಿದ್ದು ಒಂದು ಟೇಬಲ್, ಮೂರು ಪ್ಲಗ್ ಪಾಯಿಂಟ್, ಎರಡು ಸ್ಪೀಕರು. ಜೊತೆಗೆ ಹಾಡುವಷ್ಟು ಹೊತ್ತು ಫ್ಯಾನು ಆರಿಸಿ ಅಂತಲೂ ಅಕ್ಕ ಸೇರಿಸಿದ್ದಾಳೆ.